ಸಂತೆಯ ಖರ್ಚೂ ಆಹಾರದ ಸತ್ವವೂ

ಕೋಲಾರ, ತುಮಕೂರು, ಹಾಸನ ಮೊದಲಾದ ರಾಗಿ ಸೀಮೆಗಳಲ್ಲಿ ಕಂಡುಬರುವ ಒಂದು ಪದ್ಧತಿಯನ್ನು ಗ್ರಾಮದ ಯಜಮಾನರೂ ಹಿಡುವಳಿದಾರರೂ ಆಲೋಚಿಸಿ ನೋಡತಕ್ಕದ್ದಾಗಿದೆ. ಸುಗ್ಗಿಯಾದ ಕೂಡಲೆ ರಾಗಿ, ಹುರಳಿ, ಅವರೆಗಳನ್ನು ಕಣದಿಂದಲೇ ಬಂದ ಬೆಲೆಗೆ ಮಾರಿ, ಆ ಹಣದಿಂದ ವಾರವಾರವೂ ಸಂತೆಯಲ್ಲಿ ಪಾಲಿಷ್ ಮಾಡಿದ ಅಕ್ಕಿ, ಬೇಳೆ, ಸಕ್ಕರೆ, ಬಿಸ್ಕತ್ತುಗಳನ್ನು ಕೊಂಡುತರುವುದುಂಟು. ಹೀಗೆ ಮಾಡುವ ಮನೆಯು ಎರಡು ಸಾರಿ ನಷ್ಟ ಹೊಂದುವುದು: ಮಾರುವಾಗ ಬೆಲೆಯಲ್ಲಿ, ಕೊಳ್ಳುವಾಗ ಸತ್ವದಲ್ಲಿ. ಎರಡನೆಯ ನಷ್ಟವು ಲೆಕ್ಕದ ಪುಸ್ತಕದಲ್ಲಿ ಕಾಣದು. ಬಸುರಿಯರ ರಕ್ತಹೀನತೆಯಲ್ಲಿಯೂ, ಮೊಲೆ ಬಿಟ್ಟ ಮಕ್ಕಳ ಸೊರಗಿದ ಮೈಯಲ್ಲಿಯೂ ಕಾಣುವುದು.

ಪದಾರ್ಥದ ಬೆಲೆಯನ್ನು ತೂಕದಿಂದ ಮಾತ್ರವೇ ಎಣಿಸದೆ ಅದರಲ್ಲಿರುವ ಸತ್ವದಿಂದಲೂ ಎಣಿಸಬೇಕು. 100 ಗ್ರಾಂ ತೊಗರಿಬೇಳೆಯಲ್ಲಿ ಸುಮಾರು 22 ಗ್ರಾಂ ಸಸಾರಜನಕವಿದೆ. ಹುರಳಿಯಲ್ಲಿಯೂ ಹೆಚ್ಚುಕಡಮೆ ಅಷ್ಟೇ ಇದೆ. ಬೇಳೆಗೆ ಕಿಲೋಗ್ರಾಮಿಗೆ 150 ರೂಪಾಯಿ, ಹುರಳಿಗೆ 75 ರೂಪಾಯಿ ಎಂದಿಟ್ಟುಕೊಂಡರೆ, ಅದೇ ಹಣಕ್ಕೆ ಹುರಳಿಯಿಂದ ಎರಡರಷ್ಟು ಸಸಾರಜನಕ ದೊರೆಯುವುದು. ಆದರೂ ಹುರಳಿಯು ದನಕ್ಕೂ ಕುದುರೆಗೂ ತಕ್ಕ ಕಾಳೆಂಬ ತಾತ್ಸಾರವು ಅನುಕೂಲಸ್ಥರಲ್ಲಿ ಇನ್ನೂ ಹೋಗಿಲ್ಲ. ಎತ್ತಿಗೆ ಬಲ ಕೊಡುವ ಕಾಳು ಎತ್ತಿನ ಒಡೆಯನಿಗೆ ಹೇಗೆ ಕೀಳಾಯಿತೋ ತಿಳಿಯದು.

ರಾಗಿಯ ವಿಷಯವೂ ಹೀಗೆಯೇ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗೂ ಮೇಲ್ಪಟ್ಟು ಸುಣ್ಣಾಂಶವಿದೆ. ಪಾಲಿಷ್ ಅಕ್ಕಿಯಲ್ಲಿ ಸುಮಾರು 10 ಮಿಲಿಗ್ರಾಂ ಮಾತ್ರ. ಆದರೆ ರಾಗಿಯಲ್ಲಿ ಸಸಾರಜನಕವು 7 ಗ್ರಾಮಿನಷ್ಟೇ ಆದಕಾರಣ, ಮುದ್ದೆಯನ್ನು ಬರಿಯ ಹುಳಿನೀರಿನಲ್ಲಿ ಅದ್ದಿ ನುಂಗಿದರೆ ಹೊಟ್ಟೆ ತುಂಬೀತೇ ಹೊರತು ಮೈ ತುಂಬದು. ಧಾನ್ಯದಲ್ಲಿ ಕೊರತೆಯಾದ ಅಂಶವನ್ನು ಕಾಳು ತುಂಬಿಕೊಡುವುದು. ಸೊಪ್ಪನ್ನೂ ಕಾಳನ್ನೂ ಒಟ್ಟಿಗೆ ಬೇಯಿಸಿ, ಬಸಿದ ಕಟ್ಟಿನಿಂದ ಸಾರನ್ನೂ ಉಳಿದುದರಿಂದ ಪಲ್ಯವನ್ನೂ ಮಾಡುವ ಬಸ್ಸಾರಿನ ಕ್ರಮವು ಬಹಳ ಯುಕ್ತವಾದುದು. ನೀರಿನಲ್ಲಿ ಇಳಿದ ಸತ್ವವು ಇದರಲ್ಲಿ ಬಚ್ಚಲಿಗೆ ಹೋಗುವುದಿಲ್ಲ. ಹುರಳಿಯನ್ನು ರಾತ್ರಿ ನೆನೆಸಿ, ಒದ್ದೆಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿದರೆ, ಒಣಕಾಳಿನಲ್ಲಿ ಅತ್ಯಲ್ಪವಾಗಿರುವ ಸಿ ಜೀವಸತ್ವವು ಹೆಚ್ಚುವುದು. ಕೂಲಿಯಾಳುಗಳಿಗೆ ಊಟ ಕೊಡುವ ಜಮೀನುದಾರರು ಸಾರಿನಲ್ಲಿ ಕಾಳಿರುವಂತೆ ನೋಡಿಕೊಳ್ಳುವುದು ಅವಶ್ಯಕ.

ಸೊಪ್ಪಿಗೆ ಹಣ ತೆರುವ ಅಗತ್ಯವೇ ಕಡಮೆ. ಹಿತ್ತಲಲ್ಲಿ ಒಂದು ನುಗ್ಗೆಮರ, ಬದುವಿನಲ್ಲಿ ಅಣ್ಣೆಸೊಪ್ಪು ಇದ್ದರೆ ಸಾಕು. ಹಣ್ಣಿನಲ್ಲಿ, ರೋಗಿಗೆಂದು ದುಬಾರಿ ಸೇಬನ್ನು ತರುವುದು ರೂಢಿಯಾಗಿದೆ. ಸೀಬೆಗೂ ಸೇಬಿಗೂ ಅಕ್ಷರದ ಭೇದ ಅಲ್ಪ, ಗುಣದ ಭೇದ ಅಪಾರ: ಸೀಬೆಯ 100 ಗ್ರಾಮಿನಲ್ಲಿ 200 ಮಿಲಿಗ್ರಾಮಿನಷ್ಟು ಸಿ ಜೀವಸತ್ವವಿದ್ದರೆ, ಸೇಬಿನಲ್ಲಿ 5 ಮಿಲಿಗ್ರಾಂ ಸಹ ಇರುವುದು ಅಪರೂಪ. ಬಿಸ್ಕತ್ತೆಂದರೆ ಮುಖ್ಯವಾಗಿ ಮೈದಾ, ಸಕ್ಕರೆ, ಎಣ್ಣೆ. ಮಕ್ಕಳ ಕೈಗೆ ಹುರಿಗಡಲೆಯನ್ನು ಕೊಡುವುದು ಮೇಲು.

ಆದರೆ ಅಗ್ಗವಾದುದೆಲ್ಲವೂ ಲಾಭವಲ್ಲ. ಮುಗ್ಗಿದ, ಮುರುಟಿದ, ಕಪ್ಪಾದ ಕಡಲೆಕಾಯಿ ಬೀಜವನ್ನು ಸಂತೆಯ ಕೊನೆಗೆ ಅರ್ಧ ಬೆಲೆಗೆ ಮಾರುವುದುಂಟು. ಇಂಥ ಬೀಜದ ಬೂಷ್ಟಿನಿಂದ ಹುಟ್ಟುವ ಅಫ್ಲಟಾಕ್ಸಿನ್ ಎಂಬ ವಿಷವು ಪಿತ್ತಜನಕಾಂಗವನ್ನು ಕೆಡಿಸತಕ್ಕದ್ದು. ಹುರಿದರೂ ಬೇಯಿಸಿದರೂ ಅದು ಪೂರ್ತಿ ನಾಶವಾಗುವುದಿಲ್ಲ. ಅದನ್ನು ಕೊಳ್ಳಲೂ ಕೂಡದು, ಹಸುವಿಗೆ ಹಾಕಲೂ ಕೂಡದು. ಹಸು ತಿಂದರೆ ವಿಷದ ಅಂಶವು ಹಾಲಿಗೂ ಇಳಿಯುವುದು.

ವರ್ಷಕ್ಕೆ ಬೇಕಾದ ರಾಗಿ, ಕಾಳುಗಳನ್ನು ಮನೆಯ ಜನರ ಎಣಿಕೆಯಂತೆ ಮೊದಲು ಅಳೆದಿಟ್ಟು, ಮಿಕ್ಕುದನ್ನು ಮಾತ್ರ ಮಾರುವುದು ಒಳ್ಳೆಯದು. ರಾಗಿಗೆ ಹುಳದ ಕಾಟ ಕಡಮೆ. ಅವರೆ, ತೊಗರಿಗಳನ್ನಾದರೋ, ಹಲ್ಲಿನಲ್ಲಿ ಕಡಿದರೆ ಟಕ್ಕೆಂದು ಒಡೆಯುವಷ್ಟು ಒಣಗಿಸಿ, ಆರಿದ ಮೇಲೆ ತೇವವಿಲ್ಲದ ಪಾತ್ರೆಯಲ್ಲಿ ಬಿಗಿಯಾಗಿ ಮುಚ್ಚಿಟ್ಟು, ಮಳೆಗಾಲದಲ್ಲಿ ಬಿಸಿಲು ಕಂಡಾಗಲೊಮ್ಮೆ ತೆಗೆದು ನೋಡತಕ್ಕದ್ದು.