ಹಗ್ಗ ಎಳೆದ ಮೇಲೆ ಯಾರು ಬರುತ್ತಾರೆ?

‘ದೋಷ ಕಂಡರೆ ಯಾರು ಬೇಕಾದರೂ ಕೆಲಸ ನಿಲ್ಲಿಸಬಹುದು’ ಎಂದು ಕಾರ್ಖಾನೆಯ ಗೋಡೆಗೆ ಬರೆಸುವುದಕ್ಕೆ ತಗಲುವುದು ಬಣ್ಣದ ಖರ್ಚು ಮಾತ್ರ. ನಿಲ್ಲಿಸಿದವನ ಬಳಿಗೆ ಯಾರು ಓಡಿಬರುತ್ತಾರೆ, ಬಂದವರು ಮೊದಲು ಏನು ಕೇಳುತ್ತಾರೆ ಎನ್ನುವಲ್ಲಿ ನಿಜವಾದ ಖರ್ಚು ಶುರುವಾಗುತ್ತದೆ. ಆ ಖರ್ಚಿಗೆ ತಯಾರಿಲ್ಲದ ಆಡಳಿತ ಅಂಥ ಹಕ್ಕನ್ನು ಕೊಡದಿರುವುದೇ ಲೇಸು. ಗುಣಮಟ್ಟ ವಿಭಾಗದ ಕೆಲಸ ನನ್ನಲ್ಲಿ ಬೇರೂರಿಸಿದ ಅಭಿಪ್ರಾಯ ಇದು. ಒಮ್ಮೆ ಹಕ್ಕು ಬಳಸಿ ಬೈಸಿಕೊಂಡವನು ಮುಂದೆ ಎಷ್ಟೇ ಕೇಳಿದರೂ ಬಾಯಿ ಬಿಡುವುದಿಲ್ಲ.

ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಜನರಲ್ ಮೋಟಾರ್ಸ್ ನಡೆಸುತ್ತಿದ್ದ ಕಾರ್ಖಾನೆ 1982ರಲ್ಲಿ ಮುಚ್ಚಿತು. ವಿಪರೀತ ಗೈರುಹಾಜರಿ, ಮುಗಿಯದ ಜಗಳ, ಕಳಪೆ ಕಾರುಗಳಿಗೆ ಅದು ಹೆಸರಾಗಿತ್ತು. 1984ರಲ್ಲಿ ಟೊಯೊಟಾ ಜತೆಗೂಡಿ ಅದೇ ಕಾರ್ಖಾನೆಯನ್ನು ‘ನಮ್ಮಿ’ ಎಂಬ ಹೆಸರಿನಲ್ಲಿ ತೆರೆದಾಗ ಕೆಲಸಕ್ಕೆ ಬಂದವರಲ್ಲಿ ಬಹುಪಾಲು ಹಳಬರೇ, ಕಾರ್ಮಿಕ ಸಂಘವೂ ಹಳೆಯದೇ. ಹೊಸದೆಂದರೆ ಟೊಯೊಟಾದ ಪದ್ಧತಿ: ದೋಷ ಕಂಡ ಕೆಲಸಗಾರ ಜೋಡಣೆಯ ಲೈನಿನ ಪಕ್ಕದ ಹಗ್ಗ ಎಳೆದು ಎಚ್ಚರಿಸಬಹುದಿತ್ತು. ಸ್ವಲ್ಪ ಕಾಲದಲ್ಲೇ ಅಲ್ಲಿನ ಕಾರುಗಳ ಗುಣಮಟ್ಟ ಜಪಾನಿನದಕ್ಕೆ ಹತ್ತಿರ ಬಂತು. ‘ಅದೆಲ್ಲ ಜಪಾನಿನವರ ಸ್ವಭಾವ, ನಮ್ಮವರಿಗೆ ಒಗ್ಗದು’ ಎನ್ನುವವರು ನಮ್ಮಲ್ಲಿ ಸದಾ ಇರುತ್ತಾರೆ. ಮನುಷ್ಯರು ಬದಲಾಗದೆ ಫಲಿತಾಂಶ ಬದಲಾಯಿತಲ್ಲ, ಅದಕ್ಕೇನು ಹೇಳೋಣ?

ಹೀಗೆ ಹಗ್ಗ ಎಳೆಯುತ್ತಾ ಕೂತರೆ ಉತ್ಪಾದನೆ ಏನಾದೀತು ಎಂಬುದು ಇನ್ನೊಂದು ಆಕ್ಷೇಪ, ಇದು ಸ್ವಲ್ಪ ತೂಕದ್ದು. ಆದರೆ ಹಗ್ಗ ಎಳೆದೊಡನೆ ಲೈನ್ ನಿಲ್ಲುವುದಿಲ್ಲ. ದೀಪ ಹೊತ್ತುತ್ತದೆ, ಟೀಂ ಲೀಡರ್ ಬರುತ್ತಾನೆ; ಕಾರು ಆ ಕೆಲಸಗಾರನ ಸ್ಥಾನದ ಗಡಿ ದಾಟುವುದರೊಳಗೆ ಸಮಸ್ಯೆ ಬಗೆಹರಿದರೆ ಲೈನ್ ಸಾಗುತ್ತಲೇ ಇರುತ್ತದೆ. ಹೀಗಾಗಬೇಕಾದರೆ ನಾಲ್ಕೈದು ಜನರಿಗೊಬ್ಬ ಲೀಡರ್ ಇರಬೇಕು, ಅವನ ಕೈ ಬಿಡುವಾಗಿರಬೇಕು. ನಮ್ಮ ಲೆಕ್ಕಪತ್ರ ವಿಭಾಗದವರ ಕಣ್ಣಿಗೆ ಮೊದಲು ಬೀಳುವುದೇ ಆ ‘ದಂಡ ಸಂಬಳ’. ಅವನನ್ನು ತೆಗೆದುಹಾಕಿ ಹಗ್ಗವನ್ನು ಮಾತ್ರ ಉಳಿಸಿಕೊಂಡರೆ ಎಳೆದಾಗಲೆಲ್ಲ ಲೈನ್ ನಿಂತೇ ನಿಲ್ಲುತ್ತದೆ, ಆಮೇಲೆ ತಪ್ಪು ಹಗ್ಗದ್ದೆಂದು ತೀರ್ಮಾನವಾಗುತ್ತದೆ. ಜನರಲ್ ಮೋಟಾರ್ಸ್‌ನವರೇ ವ್ಯಾನ್ ನೈಸ್ ಕಾರ್ಖಾನೆಯಲ್ಲಿ ಇದೇ ಪದ್ಧತಿಯನ್ನು ನಕಲು ಮಾಡಲು ಹೋದರು. ಕಾರ್ಮಿಕರಿಗಿರಲಿ, ಮ್ಯಾನೇಜರುಗಳಿಗೇ ಅದು ಬೇಕಿರಲಿಲ್ಲ. 1992ರಲ್ಲಿ ಆ ಕಾರ್ಖಾನೆಯೂ ಮುಚ್ಚಿತು. ತಿಂಗಳ ಕೊನೆಗೆ ಎಣಿಕೆಯೊಂದನ್ನೇ ನೋಡಿ ಸೂಪರ್‌ವೈಸರನಿಗೆ ಅಂಕ ಹಾಕುವ ಕಡೆ ಯಾವ ಹಗ್ಗವೂ ಬಾಳಲಾರದು.

ಕಾರಿನ ಕಾರ್ಖಾನೆಯ ಆಚೆಗೂ ಇದು ನಡೆದಿದೆ. ಸಿಯಾಟಲ್‌ನ ವರ್ಜೀನಿಯಾ ಮೇಸನ್ ಆಸ್ಪತ್ರೆ 2002ರಲ್ಲಿ, ರೋಗಿಗೆ ಅಪಾಯ ಕಂಡರೆ ಯಾವ ಸಿಬ್ಬಂದಿಯಾದರೂ ಎಚ್ಚರಿಕೆ ಕೊಟ್ಟು ಕೆಲಸ ತಡೆಯಬಹುದಾದ ವ್ಯವಸ್ಥೆಯನ್ನು ಟೊಯೊಟಾದಿಂದಲೇ ಕಲಿತು ತಂದಿತು. ಅಲ್ಲೂ ಎಚ್ಚರಿಕೆಗೆ ಓಗೊಡುವುದು ಮೇಲಿನವರ ಹೊಣೆ.

ಇಷ್ಟಾದರೂ, ಟೊಯೊಟಾದಲ್ಲೇ ಎಲ್ಲವೂ ಸರಿಯಿತ್ತೇ ಎಂದು ಕೇಳುವವರಿಗೆ ನಾನು ಸುಲಭದ ಉತ್ತರ ಕೊಡಲಾರೆ. 2020ರ ನವೆಂಬರ್‌ನಲ್ಲಿ ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಮುಷ್ಕರವಾಗಿ ಲಾಕ್‌ಔಟ್ ಘೋಷಣೆಯಾಯಿತು. ಕೆಲಸದ ಹೊರೆ ಅತಿಯಾಯಿತೆಂಬುದು ಸಂಘದ ದೂರು, ಅಶಿಸ್ತು ಎಂಬುದು ಆಡಳಿತದ ವಾದ. ಯಾರದು ಸರಿ ಎನ್ನುವುದಕ್ಕಿಂತ, ಈ ಪದ್ಧತಿಯ ಮಿತಿ ಎಲ್ಲಿದೆಯೆಂದು ಆ ದೂರು ತೋರಿಸುತ್ತದೆ. ಬೋಲ್ಟ್ ಸಡಿಲವಿದೆಯೆಂದು ಹಗ್ಗ ಎಳೆದು ತಿಳಿಸಬಹುದು. ಲೈನಿನ ವೇಗವೇ ತಾಳಲಾಗುತ್ತಿಲ್ಲ ಎಂಬುದನ್ನು ಹಗ್ಗ ಎಳೆದು ಇತ್ಯರ್ಥ ಮಾಡಲಾಗದು. ಅದು ಒಪ್ಪಂದದ ಮಾತು. ನಮ್ಮಿಯಲ್ಲಿ ಇದನ್ನು ಆರಂಭದಲ್ಲೇ ಕಂಡುಕೊಂಡಿದ್ದರು: ಕೆಲಸದಿಂದ ಯಾರನ್ನಾದರೂ ತೆಗೆಯುವ ಮೊದಲು ಅಧಿಕಾರಿಗಳ ಸಂಬಳ ಕಡಿತವಾಗಬೇಕೆಂದು ಸಂಘದೊಂದಿಗೆ ಬರವಣಿಗೆಯಲ್ಲಿ ಒಪ್ಪಿಕೊಂಡಿದ್ದರು. 1980ರ ದಶಕದ ಕೊನೆಯಲ್ಲಿ ಕಾರಿಗೆ ಬೇಡಿಕೆ ಕುಸಿದಾಗ ಹೆಚ್ಚಾದ ಕೆಲಸಗಾರರನ್ನು ಮನೆಗೆ ಕಳಿಸದೆ ತರಬೇತಿಗೆ, ಸುಧಾರಣೆಯ ಕೆಲಸಗಳಿಗೆ ಹಾಕಿದರು.