ಏಳನೆಯ ಮಗುವಿನ ಲೆಕ್ಕ

ಹೋದ ವರ್ಷ ನನ್ನ ಮನೆ ಡೇಕೇರಿನ ಚಿಕ್ಕ ಲೈಸೆನ್ಸನ್ನು ದೊಡ್ಡದಕ್ಕೆ ಬದಲಾಯಿಸಿಕೊಂಡೆ. ಮನೆ ಕೊಂಡದ್ದನ್ನು ಬಿಟ್ಟರೆ ನಮ್ಮ ಸಂಸಾರದಲ್ಲಿ ಇಷ್ಟು ದುಬಾರಿಯಾದ ನಿರ್ಧಾರ ಇನ್ನೊಂದಿಲ್ಲ. ಬೇ ಏರಿಯಾದ ಕನ್ನಡದ ಹೆಣ್ಣುಮಕ್ಕಳು ಈಗ ಆಗಾಗ ಫೋನ್ ಮಾಡಿ, 'ಅಕ್ಕಾ, ಮಕ್ಕಳು ಎರಡರಷ್ಟು ಆದರೆ ದುಡ್ಡೂ ಎರಡರಷ್ಟು ಬರುತ್ತೆ ತಾನೆ?' ಎಂದು ಕೇಳುತ್ತಾರೆ. ಬರುವುದಿಲ್ಲ. ಯಾಕೆ ಬರುವುದಿಲ್ಲ ಎಂಬುದನ್ನು ಅಂಕಿಯಲ್ಲೇ ತೋರಿಸುತ್ತೇನೆ.

ಕ್ಯಾಲಿಫೋರ್ನಿಯಾದ ನಿಯಮದಲ್ಲಿ ಚಿಕ್ಕ ಲೈಸೆನ್ಸಿಗೆ ಆರು ಮಕ್ಕಳು. ಶಾಲೆಗೆ ಹೋಗುವ ಇಬ್ಬರು ಸೇರಿದರೆ ಎಂಟು. ದೊಡ್ಡದಕ್ಕೆ ಹನ್ನೆರಡು, ಅದೇ ರೀತಿ ಇಬ್ಬರು ಸೇರಿದರೆ ಹದಿನಾಲ್ಕು. ನಿಮ್ಮ ಮನೆಯಲ್ಲೇ ಹತ್ತು ವರ್ಷದೊಳಗಿನ ಮಕ್ಕಳಿದ್ದರೆ ಅವರೂ ಈ ಸಂಖ್ಯೆಯೊಳಗೇ ಬರುತ್ತಾರೆ. ಅರ್ಜಿಯ ಶುಲ್ಕ ದೊಡ್ಡದೇನಲ್ಲ: ಚಿಕ್ಕದಕ್ಕೆ 73 ಡಾಲರ್, ದೊಡ್ಡದಕ್ಕೆ 140. ದೊಡ್ಡದಕ್ಕೆ ಒಂದು ವರ್ಷದ ಅನುಭವ ಮತ್ತು ಅಗ್ನಿಶಾಮಕ ಇಲಾಖೆಯ ಒಪ್ಪಿಗೆ ಬೇಕು. 2020ರ ಜನವರಿಯಿಂದ ನಗರಸಭೆಗಳು ಇದಕ್ಕೆ ಝೋನಿಂಗ್ ಪರ್ಮಿಟ್ ಕೇಳುವಂತಿಲ್ಲ, ಬಿಸಿನೆಸ್ ಲೈಸೆನ್ಸಿನ ಹಣವನ್ನೂ ವಸೂಲಿ ಮಾಡುವಂತಿಲ್ಲ. ಬಾಗಿಲು ಸಲೀಸಾಗಿ ತೆರೆಯುತ್ತದೆ. ಖರ್ಚು ಶುರುವಾಗುವುದು ಒಳಗೆ ಕಾಲಿಟ್ಟ ಮೇಲೆ, ಯಾಕೆಂದರೆ ದೊಡ್ಡ ಲೈಸೆನ್ಸಿನಲ್ಲಿ ಸಹಾಯಕಿ ಇರಲೇಬೇಕು.

ಈಗ ಲೆಕ್ಕ. ಒಂದು ಮಗುವಿಗೆ ತಿಂಗಳಿಗೆ 1,500 ಡಾಲರ್ ಎಂದಿಟ್ಟುಕೊಳ್ಳಿ. ನಿಮ್ಮ ಊರಿನ ದರ ಬೇರೆ ಇದ್ದರೆ ಅದನ್ನೇ ಹಾಕಿಕೊಳ್ಳಿ. ವರ್ಷಕ್ಕೆ 18,000. ಅದರಲ್ಲಿ ಊಟ ತಿಂಡಿಗೆ ದಿನಕ್ಕೆ 5 ಡಾಲರಿನಂತೆ 250 ದಿನಕ್ಕೆ 1,250 ಕಳೆಯಿರಿ. ಒಂದು ಮಗುವಿನಿಂದ ಉಳಿಯುವುದು 16,750.

ಸಹಾಯಕಿಯ ಸಂಬಳ ಗಂಟೆಗೆ 20 ಡಾಲರ್. ಬೆಳಿಗ್ಗೆ ಎಂಟಕ್ಕೆ ಮೊದಲ ಮಗು ಬರುತ್ತದೆ, ಸಂಜೆ ಆರಕ್ಕೆ ಕೊನೆಯದು ಹೋಗುತ್ತದೆ. ಹತ್ತು ಗಂಟೆ. ಹೆಚ್ಚಿನವರು ಎಡವುವುದು ಇಲ್ಲೇ: ಹತ್ತನ್ನು ಇಪ್ಪತ್ತರಿಂದ ಗುಣಿಸಿ 200 ಎಂದು ಬರೆದುಕೊಳ್ಳುತ್ತಾರೆ. ಈ ರಾಜ್ಯದಲ್ಲಿ ದಿನಕ್ಕೆ ಎಂಟು ಗಂಟೆ ದಾಟಿದ ಮೇಲೆ ಒಂದೂವರೆ ಪಟ್ಟು ಕೊಡಬೇಕು. ಎಂಟು ಗಂಟೆಗೆ 160, ಉಳಿದ ಎರಡಕ್ಕೆ 60, ಒಟ್ಟು 220. ವಾರಕ್ಕೆ 1,100. ರಜೆಯ ಸಂಬಳವೂ ಸೇರಿ 52 ವಾರಕ್ಕೆ 57,200. ಅದರ ಮೇಲೆ ನಮ್ಮ ಪಾಲಿನ ಪೇರೋಲ್ ತೆರಿಗೆ ಶೇ 7.65, ಅಂದರೆ 4,376. ಕೂಡಿದರೆ 61,576.

61,576ನ್ನು 16,750ರಿಂದ ಭಾಗಿಸಿ. ಮೂರೂಮುಕ್ಕಾಲಿನ ಹತ್ತಿರ ಬರುತ್ತದೆ. ಮುಕ್ಕಾಲು ಮಗು ಎಂಬುದಿಲ್ಲವಾದ್ದರಿಂದ ನಾಲ್ಕು. ಏಳನೆಯ ಮಗುವಿನಿಂದ ಹತ್ತನೆಯ ಮಗುವಿನವರೆಗೆ ಬರುವ ಹಣ ಸಹಾಯಕಿಯ ಸಂಬಳಕ್ಕೇ ಸರಿ. ಆ ನಾಲ್ಕು ಮಕ್ಕಳಿಂದ ಮಿಗುವ 5,424 ಡಾಲರ್ ವರ್ಕರ್ಸ್ ಕಾಂಪ್, ರಾಜ್ಯದ ಪೇರೋಲ್ ತೆರಿಗೆ, ಜಾಸ್ತಿಯಾದ ವಿಮೆಯ ಕಂತು ಇವಕ್ಕೆ ಹೋಗುತ್ತದೆ. ನಿಮ್ಮ ಕೈಗೆ ದಕ್ಕುವುದು ಹನ್ನೊಂದನೆಯ ಮತ್ತು ಹನ್ನೆರಡನೆಯ ಮಗುವಿನದು ಮಾತ್ರ: 33,500. ಅದರ ಮೇಲೂ ಸೆಲ್ಫ್ ಎಂಪ್ಲಾಯ್‌ಮೆಂಟ್ ತೆರಿಗೆ ಇದೆ, ಆಮೇಲೆ ಆದಾಯ ತೆರಿಗೆ ಇದೆ.

ಇದೂ ವರ್ಷವಿಡೀ ಒಂದು ಜಾಗವೂ ಖಾಲಿ ಇಲ್ಲದಿದ್ದರೆ. 2025-26ರ ಶಾಲಾ ವರ್ಷದಿಂದ, ಸೆಪ್ಟೆಂಬರ್ 1ರೊಳಗೆ ನಾಲ್ಕು ತುಂಬುವ ಪ್ರತಿ ಮಗುವಿಗೂ ಇಲ್ಲಿನ ಸರಕಾರಿ ಶಾಲೆಗಳಲ್ಲಿ ಟಿಕೆ (ಟ್ರಾನ್ಸಿಷನಲ್ ಕಿಂಡರ್‌ಗಾರ್ಟನ್) ಉಚಿತ. ತಂದೆತಾಯಿಗೆ ಇದು ಒಳ್ಳೆಯದು, ಮಕ್ಕಳಿಗೂ ಒಳ್ಳೆಯದು. ಆದರೆ ಆಗಸ್ಟ್ ಬಂತೆಂದರೆ ನಮ್ಮ ನಾಲ್ಕು ವರ್ಷದವರು ಹೊರಟುಬಿಡುತ್ತಾರೆ. ಆ ಜಾಗಕ್ಕೆಲ್ಲ ಕೂಸುಗಳನ್ನೇ ತುಂಬಿಕೊಳ್ಳೋಣವೆಂದರೆ, ಹನ್ನೆರಡು ಮಕ್ಕಳಲ್ಲಿ ಎರಡು ವರ್ಷದೊಳಗಿನವರು ನಾಲ್ಕಕ್ಕಿಂತ ಹೆಚ್ಚಿರುವಂತಿಲ್ಲ. ಎರಡು ಜಾಗ ಆರು ತಿಂಗಳು ಖಾಲಿ ಉಳಿದರೆ, ಉಳಿತಾಯವಾದ ಊಟದ ಖರ್ಚನ್ನು ಕಳೆದರೂ, 16,750 ಹೋಯಿತು. ಕೈಗೆ ದಕ್ಕಬೇಕಾದ್ದರಲ್ಲಿ ಸರಿಯಾಗಿ ಅರ್ಧ.

ಹಾಗಿದ್ದರೂ ಇನ್ನೊಮ್ಮೆ ಅವಕಾಶ ಸಿಕ್ಕರೆ ಇದನ್ನೇ ಆರಿಸಿಕೊಳ್ಳುತ್ತೇನೆ. ಒಬ್ಬಳೇ ಆರು ಮಕ್ಕಳನ್ನು ನೋಡಿಕೊಳ್ಳುತ್ತಿದ್ದಾಗ ಜ್ವರ ಬಂದರೂ ಮಲಗುವಂತಿರಲಿಲ್ಲ; ಹಲ್ಲುನೋವನ್ನು ಶನಿವಾರದವರೆಗೆ ತಡೆದುಕೊಂಡಿದ್ದೇನೆ. ಡೇಕೇರ್ ತೆರೆದಿರುವ ಹೊತ್ತಿನ ಶೇ 80ರಷ್ಟು ಕಾಲ ಲೈಸೆನ್ಸುದಾರರು ಮನೆಯಲ್ಲಿರಬೇಕು ಎಂಬುದು ನಿಯಮ. ಉಳಿದ ಶೇ 20 ನನಗೆ ಕಾಗದದ ಮೇಲಷ್ಟೇ ಇತ್ತು. ಈಗ ಅದು ನಿಜವಾಗಿ ಸಿಕ್ಕಿದೆ. ಒಂದು ಮಗು ಬಿದ್ದು ಅತ್ತರೆ ಎತ್ತಿಕೊಳ್ಳಲು ಒಬ್ಬರು, ಉಳಿದವರನ್ನು ನೋಡಲು ಇನ್ನೊಬ್ಬರು. ದೊಡ್ಡ ಲೈಸೆನ್ಸಿನಿಂದ ನನಗೆ ಬಂದ ಲಾಭ ಮುಖ್ಯವಾಗಿ ಇದು. ಇದಕ್ಕಾಗಿ ಹೋಗುವುದಾದರೆ ಹೋಗಿ. ಆದಾಯ ಎರಡರಷ್ಟು ಮಾಡಲು ಹೋಗಬೇಡಿ.

ಸಂಬಳ ಉಳಿಸುವ ಉಪಾಯಗಳನ್ನೂ ಜನ ಹೇಳಿಕೊಡುತ್ತಾರೆ. ಊರಿನಿಂದ ಅಮ್ಮ ಆರು ತಿಂಗಳಿಗೆ ಬರುತ್ತಾರೆ, ಅವರೇ ನೋಡಿಕೊಳ್ಳುತ್ತಾರೆ ಎನ್ನುವುದು ಒಂದು. ವಿಸಿಟರ್ ವೀಸಾದಲ್ಲಿ ಬಂದವರು ಇಲ್ಲಿ ಕೆಲಸ ಮಾಡುವಂತಿಲ್ಲ. ಮೇಲಾಗಿ ಮನೆಯಲ್ಲಿ ವಾಸಿಸುವ ಪ್ರತಿ ವಯಸ್ಕರ ಬೆರಳಚ್ಚಿನ ತಪಾಸಣೆ ಆಗಬೇಕು. ಸಹಾಯಕಿಗೆ 1099 ಕೊಟ್ಟರೆ ಮುಗಿಯಿತು ಎನ್ನುವುದು ಇನ್ನೊಂದು. ನಿಮ್ಮ ಮನೆಯಲ್ಲಿ, ನೀವು ಹೇಳಿದ ಹೊತ್ತಿಗೆ, ನೀವು ಹೇಳಿದಂತೆ ದುಡಿಯುವವಳು ನಿಮ್ಮ ನೌಕರಳೇ. ಡಬ್ಲ್ಯು-2 ಕೊಡಿ. ಎಚ್-4ರಲ್ಲಿರುವ ತಂಗಿಯರಿಗೆ ಒಂದು ಮಾತು: ಕೆಲಸದ ಪರವಾನಗಿ (ಇಎಡಿ) ಕೈಗೆ ಬರುವವರೆಗೆ ಡೇಕೇರಿನ ಮಾತೇ ಬೇಡ.

ಇನ್ನು ಮರ್ಚೆಂಟ್ ಕ್ಯಾಶ್ ಅಡ್ವಾನ್ಸ್. ಇದರ ಬಗ್ಗೆ ನನಗೆ ಸಹನೆ ಇಲ್ಲ. ಜಾಗ ಖಾಲಿ ಬಿದ್ದು ಸಂಬಳದ ದಿನ ಹತ್ತಿರ ಬಂದಾಗಲೇ ಇದನ್ನು ಮಾರುವವರ ಫೋನ್ ಬರುತ್ತದೆ. ಇದು ಸಾಲವಲ್ಲ, ಬಡ್ಡಿಯೇ ಇಲ್ಲ, 'ಫ್ಯಾಕ್ಟರ್ 1.3' ಅಷ್ಟೇ ಎನ್ನುತ್ತಾರೆ. 20,000 ಕೊಟ್ಟು, ನಿಮ್ಮ ಖಾತೆಯಿಂದ ದಿನಾ ಇಷ್ಟಿಷ್ಟು ಎಳೆದುಕೊಂಡು, ಆರು ತಿಂಗಳಲ್ಲಿ 26,000 ವಸೂಲಿ ಮಾಡುತ್ತಾರೆ. ಕೇಳಲು ಶೇ 30 ಎನಿಸುತ್ತದೆ. ಆದರೆ ಅಸಲು ಮೊದಲ ದಿನದಿಂದಲೇ ಕರಗುತ್ತಿರುವುದರಿಂದ ವಾರ್ಷಿಕ ದರ ಶೇ 95ನ್ನೂ ದಾಟುತ್ತದೆ. ತಿಂಗಳಿಗೊಮ್ಮೆ ಶುಲ್ಕ ಬರುವ ಮನೆಯಿಂದ ದಿನಾ ಹಣ ಎಳೆದರೆ ಹಾಲಿನ ಬಿಲ್ಲಿಗೂ ತತ್ವಾರ. ಬೇಡ, ಬೇಡವೇ ಬೇಡ. ಇದಕ್ಕೆ ಮದ್ದು ಒಂದೇ: ಮೂರು ತಿಂಗಳ ಸಂಬಳ, ಅಂದರೆ ಸುಮಾರು 15,400 ಡಾಲರ್, ಬೇರೆ ಖಾತೆಯಲ್ಲಿ ಕೂಡುವವರೆಗೆ ಸಹಾಯಕಿಯನ್ನು ನೇಮಿಸಿಕೊಳ್ಳಬೇಡಿ.

ದುಡ್ಡಿಗಿಂತ ನಮ್ಮವರಿಗೆ ಬೇಕಾಗಿರುವುದು ಶಿಸ್ತು. ಮನೆಯ ಖಾತೆ, ಡೇಕೇರಿನ ಖಾತೆ ಬೇರೆ ಬೇರೆ ಇರಲಿ. ಮಕ್ಕಳು ಬರುವ ಮೊದಲು, ಹೋದ ಮೇಲೆ ಗುಡಿಸಿ ಒರೆಸಿ ಸಿದ್ಧ ಮಾಡುವ ಗಂಟೆಗಳನ್ನೂ ಅಂದಂದೇ ಬರೆದಿಡಿ; ಫಾರ್ಮ್ 8829ರಲ್ಲಿ ಅವೂ ಲೆಕ್ಕಕ್ಕೆ ಬರುತ್ತವೆ. ಕೇಂದ್ರ ಸರಕಾರದ ಆಹಾರ ಕಾರ್ಯಕ್ರಮ ಒಂದು ಮಗುವಿಗೆ ದಿನಕ್ಕೆ ಎರಡು ಊಟ, ಒಂದು ತಿಂಡಿಯ ಹಣವನ್ನು ಹಿಂದಿರುಗಿಸುತ್ತದೆ. ಮೆನು, ಹಾಜರಿ ಬರೆಯುವ ಬೇಸರಕ್ಕೆ ಅದನ್ನು ಬಿಟ್ಟುಕೊಟ್ಟವರು ನನಗೆ ಗೊತ್ತು. ಬಿಡಬೇಡಿ.

ಎಲ್ಲಕ್ಕಿಂತ ಹೆಚ್ಚಾಗಿ, ಶುಲ್ಕ ಕೇಳಲು ನಾಚಬೇಡಿ. ಕನ್ನಡ ಕೂಟದಲ್ಲಿ ಜೊತೆಗೆ ಕೂತು ಉಂಡವರು, ಯುಗಾದಿಗೆ ಮನೆಗೆ ಬಂದುಹೋಗುವವರು, ಅವರ ಹತ್ತಿರ ಹೇಗೆ ಕೇಳುವುದು ಎಂದು ಸುಮ್ಮನಿದ್ದರೆ ನಿಮ್ಮ ಸಹಾಯಕಿಯ ಮನೆಯಲ್ಲಿ ಬಾಡಿಗೆ ಬಾಕಿ ಬೀಳುತ್ತದೆ. ತಿಂಗಳ ಒಂದನೆಯ ತಾರೀಕು ಶುಲ್ಕ, ಸಂಜೆ ಆರರ ಮೇಲೆ ತಡವಾದರೆ ಹೆಚ್ಚುವರಿ ಹಣ, ಬಿಡಿಸುವ ಮೊದಲು ಒಂದು ತಿಂಗಳ ನೋಟಿಸು. ಇಷ್ಟನ್ನು ಕಾಗದದಲ್ಲಿ ಬರೆದು, ಮಗು ಸೇರುವ ಮೊದಲೇ ಇಬ್ಬರೂ ಸಹಿ ಹಾಕಿ. ಗೆಳತಿಯಾದರೂ ಸರಿ, ನಾದಿನಿಯಾದರೂ ಸರಿ.