ಬೆಟ್ಟದ ಮೇಲಿನ ಸೂರು, ಅದನ್ನು ಕಟ್ಟಿದ ಕೈ

ಶುಕ್ರವಾರ ರಾತ್ರಿಯಾದರೆ ಸಾಕು, ಶಂಕರಪುರಂನ ನಮ್ಮ ರಂಗರಾವ್ ರಸ್ತೆಯಿಂದ ಹುಡುಗ ಹುಡುಗಿಯರು ಬೆನ್ನಿಗೆ ಚೀಲ ಏರಿಸಿಕೊಂಡು ಹೊರಡುತ್ತೀರಿ. ಒಂದು ವಾರ ಕುಮಾರಪರ್ವತ, ಇನ್ನೊಂದು ವಾರ ಕೊಡಚಾದ್ರಿ. ಹೋಗಿಬನ್ನಿ ಮಕ್ಕಳೇ. ಮಂಡಿ ಮಾತು ಕೇಳುವಷ್ಟು ಕಾಲ ನಾನೂ ಹತ್ತಿದವನೇ. ಆ ಸಲಿಗೆಯಿಂದ ನಾಲ್ಕು ಮಾತು.

ಮೊದಲನೆಯದು ಬೆಂಕಿಯ ಮಾತು. ಸುಬ್ರಹ್ಮಣ್ಯದಿಂದ ಕುಮಾರಪರ್ವತ ಹತ್ತುವಾಗ ಗಿರಿಗದ್ದೆ ದಾಟಿದ ಮೇಲೆ ಕಲ್ಲುಮಂಟಪ ಸಿಗುತ್ತದೆ. ಕಲ್ಲಿನ ಕಂಬ, ಮೇಲೊಂದು ಕಲ್ಲಿನ ಸೂರು, ಅಷ್ಟೇ. 1712 ಮೀಟರ್ ಎತ್ತರದ ಶಿಖರಕ್ಕೆ ಹೊರಟವರಿಗೆ ಬಿಸಿಲಿಗೂ ಮಳೆಗೂ ಅದೇ ಆಸರೆ. ಚಳಿ ಎಂದು ಅಂಥ ಮಂಟಪದೊಳಗೆ ಬೆಂಕಿ ಹಾಕಬೇಡಿ. ಕಾಡಿಗೆ ಕಿಚ್ಚು ಹತ್ತೀತು ಎಂಬ ಕಾರಣ ನಿಮಗೆ ಗೊತ್ತೇ ಇದೆ. ಇನ್ನೊಂದು ಕಾರಣ ಕಲ್ಲುಕುಟಿಗರಿಗೆ ಗೊತ್ತು.

ಹಿಂದೆ ಬೆಂಗಳೂರಿನ ಸುತ್ತ ಹಾಸುಬಂಡೆಯಿಂದ ಚಪ್ಪಡಿ ಎಬ್ಬಿಸುತ್ತಿದ್ದದ್ದೇ ಬೆಂಕಿಯಿಂದ. ಬಂಡೆಯ ಮೇಲೆ ಸೌದೆ ಉರಿಸಿ, ಆ ಉರಿಯನ್ನು ಮೆಲ್ಲಗೆ ಮುಂದಕ್ಕೆ ಸರಿಸುತ್ತಾ ಹೋಗುವರು. ಕಾದ ಮೇಲ್ಪದರ ಹಿಗ್ಗಿ ಕೆಳಗಿನ ತಣ್ಣನೆಯ ಕಲ್ಲಿನಿಂದ ಬಿಟ್ಟುಕೊಳ್ಳುವುದು. ಎಲ್ಲಿಯವರೆಗೆ ಬಿಟ್ಟಿದೆ ಎಂಬುದನ್ನು ಸುತ್ತಿಗೆಯಿಂದ ತಟ್ಟಿ, ಸದ್ದಿನಲ್ಲೇ ಹೇಳುವರು. ಹೀಗೆ 60 ಅಡಿ ಉದ್ದ, 40 ಅಡಿ ಅಗಲ, ಅರ್ಧ ಅಡಿ ದಪ್ಪದ ಹಾಸು ಒಂದೇ ತುಂಡಾಗಿ ಎದ್ದದ್ದು 1895ರಲ್ಲೇ ದಾಖಲಾಗಿದೆ. ನೀವು ಮೋಜಿಗೆ ಹಾಕಿದ ಬೆಂಕಿಯೂ ಇದೇ ಕೆಲಸ ಮಾಡುತ್ತದೆ, ತಲೆಯ ಮೇಲಿನ ಚಪ್ಪಡಿಗೆ.

ಎರಡನೆಯದು, ಕಲ್ಲನ್ನು ಹತ್ತಿರದಿಂದ ನೋಡುವುದು. ಹಳೆಯ ಕಂಬದ, ಮೆಟ್ಟಿಲಿನ ಅಂಚಿಗೆ ಬಗ್ಗಿದರೆ ಎಷ್ಟೋ ಕಡೆ ಸಾಲಾಗಿ ಅರ್ಧರ್ಧ ಕುಳಿಗಳು ಕಾಣುತ್ತವೆ. ಚಾಣದಿಂದ ಕುಳಿ ಹೊಡೆದು, ಬೆಣೆ ಇಳಿಸಿ, ಒಂದೊಂದಕ್ಕೂ ಸರದಿಯಂತೆ ಏಟು ಕೊಟ್ಟು ಕಲ್ಲು ಸೀಳಿದ ಗುರುತು ಅದು. ನಂದಿಬೆಟ್ಟದ ಮೇಲೆ ಟಿಪ್ಪುವಿನ ಬೇಸಿಗೆ ಅರಮನೆ, ಕಬ್ಬನ್ ಸಾಹೇಬರ ಬಂಗಲೆ, 1927ರಲ್ಲಿ ಗಾಂಧೀಜಿ ತಂಗಿದ್ದ ಕಥೆ ಎಲ್ಲರ ಬಾಯಲ್ಲೂ ಇದೆ. 1478 ಮೀಟರ್ ಎತ್ತರಕ್ಕೆ ಸುಣ್ಣ, ಇಟ್ಟಿಗೆ, ತೊಲೆ ಹೊತ್ತವರ, ಕಲ್ಲು ಸೀಳಿದವರ ಹೆಸರು ಯಾರ ಬಾಯಲ್ಲೂ ಇಲ್ಲ. ಅವರ ರುಜು ಎಂದರೆ ಆ ಕುಳಿಗಳೇ. ಅದರ ಪಕ್ಕದಲ್ಲಿ ನಿಮ್ಮ ಹೆಸರನ್ನೂ ಪ್ರೇಯಸಿಯ ಹೆಸರನ್ನೂ ಕೆತ್ತುವುದಕ್ಕೆ ಕೈಯಾದರೂ ಹೇಗೆ ಬರುತ್ತದೆ?

ಕೊಡಚಾದ್ರಿಗೆ ಹೋದಾಗ ಇನ್ನೂ ಒಂದನ್ನು ನೋಡಿ. ಶಂಕರ ಮಠದ ನೆರಳಲ್ಲಿ ಬೆಳೆದವರು ನೀವು. 1343 ಮೀಟರ್ ಎತ್ತರದಲ್ಲಿರುವ ಸರ್ವಜ್ಞಪೀಠದ ಪುಟ್ಟ ಕಲ್ಲುಗುಡಿಗೆ ಕೈಮುಗಿಯದೆ ಬರುವುದಿಲ್ಲ. ಆದರೆ ಕೆಳಗೆ ಮೂಲ ಮೂಕಾಂಬಿಕೆಯ ಗುಡಿಯ ಮುಂದಿರುವ ಕಬ್ಬಿಣದ ಕಂಬದ ಹತ್ತಿರವೂ ಒಂದು ಗಳಿಗೆ ನಿಲ್ಲಿ. ಹಳೆಯ ಪದ್ಧತಿಯಲ್ಲಿ ಅದಿರು ಕಾಯಿಸಿ, ಬಡಿದು ಮಾಡಿದ ಕಬ್ಬಿಣ ಅದು ಎಂದು ಲೋಹತಜ್ಞರು ಪರೀಕ್ಷೆ ಮಾಡಿ ಹೇಳಿದ್ದಾರೆ. ಮಲೆನಾಡಿನ ಆ ಮಳೆಯಲ್ಲಿ ನಮ್ಮ ಮನೆಯ ಗೇಟು ಹತ್ತು ವರ್ಷ ಬಾಳೀತೇ?

ಮೂರನೆಯದು, ಉಪಕಾರ ಮಾಡಲು ಹೋಗಿ ಅಪಕಾರ ಮಾಡಬೇಡಿ. ಹಳೆಯ ಮಂಟಪ ಬಿರುಕು ಬಿಟ್ಟಿದೆ ಎಂದು ಚಂದಾ ಎತ್ತಿ ಸಿಮೆಂಟ್ ಮೂಟೆ ಹೊತ್ತು ಹೋಗುವ ಉತ್ಸಾಹ ಬೇಡ. ಹಳೆಯ ಗಾರೆ ನೀರು ಕುಡಿದರೂ ಬಿಸಿಲಿಗೆ ಆರಿಸಿಕೊಳ್ಳುತ್ತದೆ. ಸಿಮೆಂಟ್ ತೇವವನ್ನು ಒಳಗೇ ಕಟ್ಟಿಹಾಕುತ್ತದೆ; ಆಗ ಸವೆಯುವುದು ಪಕ್ಕದ ಇಟ್ಟಿಗೆ, ಕಲ್ಲು. ಸುಣ್ಣ, ಮರಳನ್ನು ಗಾಣದಲ್ಲಿ ಅರೆದು, ಬೆಲ್ಲದ ನೀರು, ಅಳಲೆಕಾಯಿ ನೀರು ಬೆರೆಸುವ ಹದ ಬಲ್ಲ ಮೇಸ್ತ್ರಿಗಳು ಇನ್ನೂ ಅಲ್ಲಲ್ಲಿ ಇದ್ದಾರೆ. ಅಂಥವರನ್ನು ಹುಡುಕಿ. ಗೋಡೆಯ ಸಂದಿನಲ್ಲಿ ಅರಳಿ ಸಸಿ ಕಂಡರೆ ಫೋಟೊ ತೆಗೆದು ಅರಣ್ಯ ಇಲಾಖೆಯವರಿಗೋ ಗುಡಿಯವರಿಗೋ ತಿಳಿಸಿ. ಜಗ್ಗಿ ಕೀಳಬೇಡಿ, ಬೇರಿನ ಜೊತೆ ಕಲ್ಲೂ ಬಂದೀತು.

ನಾಲ್ಕನೆಯದು, ಸೂರಿನ ಕೆಳಗಿರುವ ಮನುಷ್ಯರ ಮಾತು. ಗಿರಿಗದ್ದೆಯಲ್ಲೂ ಕೊಡಚಾದ್ರಿಯಲ್ಲೂ ‘ಭಟ್ಟರ ಮನೆ’ ಎಂದೇ ಹೆಸರಾದ ಮನೆಗಳಿವೆ. ಹೊತ್ತಲ್ಲದ ಹೊತ್ತಿನಲ್ಲಿ ಬಂದವರಿಗೂ ಅನ್ನ ಸಾರು ಬಡಿಸಿದ ಮನೆಗಳು. ಅದನ್ನು ಹೋಟೆಲ್ ಎಂದುಕೊಳ್ಳಬೇಡಿ. ಉಂಡ ತಟ್ಟೆ ತೊಳೆದಿಡಿ, ಚೌಕಾಸಿ ಮಾಡದೆ ದುಡ್ಡು ಕೊಡಿ. 2024ರ ಜನವರಿ ಕೊನೆಯಲ್ಲಿ ಕುಮಾರಪರ್ವತದ ದಾರಿಯಲ್ಲಿ ಸಾವಿರಾರು ಜನ ಮುಗಿಬಿದ್ದು ಚಾರಣವನ್ನೇ ನಿಲ್ಲಿಸಬೇಕಾಯಿತು. ಚಾರಣಕ್ಕೆ ಬುಕಿಂಗ್ ಸಿಗದಿದ್ದರೆ ಇನ್ನೊಂದು ವಾರ ಹೋಗಿ, ಬೆಟ್ಟ ಎಲ್ಲಿಗೂ ಓಡಿಹೋಗುವುದಿಲ್ಲ. ಊಟವಾದ ಮೇಲೆ ಅಲ್ಲಿನ ಹಿರಿಯರ ಹತ್ತಿರ ಕೂತು ಈ ಗೋಡೆ ಎಬ್ಬಿಸಿದವರು ಯಾರು, ಮರ ಎಲ್ಲಿಂದ ಬಂತು, ಮಳೆಗಾಲಕ್ಕೆ ಮಾಡಿಗೆ ಏನು ಹೊದಿಸುತ್ತಿದ್ದರು ಎಂದು ಕೇಳಿ. ಅವರು ಒಪ್ಪಿದರೆ ಫೋನಿನಲ್ಲಿ ರೆಕಾರ್ಡ್ ಮಾಡಿ, ಊರಿಗೆ ಬಂದು ಬರೆದಿಡಿ.

ಇಷ್ಟೆಲ್ಲ ಏಕೆಂದರೆ, ಸೂರು ತಾನಾಗಿ ಉಳಿಯುವುದಿಲ್ಲ. ಅದನ್ನು ರಿಪೇರಿ ಮಾಡಬಲ್ಲ ಕೈ ಉಳಿದರೆ ಸೂರೂ ಉಳಿಯುತ್ತದೆ. ಕಲ್ಲು ಸೀಳುವ ವಿದ್ಯೆಯನ್ನು ತಲೆತಲಾಂತರದಿಂದ ಬಲ್ಲ ಭೋವಿ ಮನೆತನಗಳ ಮಕ್ಕಳಿಗೆ ಆ ವಿದ್ಯೆ ಅನ್ನ ಕೊಡದಿದ್ದರೆ ಅವರಾದರೂ ಯಾಕೆ ಚಾಣ ಹಿಡಿದಾರು? ಇದಕ್ಕೆ ಬೆಟ್ಟದವರೆಗೂ ಹೋಗಬೇಕಿಲ್ಲ. ನಮ್ಮ ಬೀದಿಯಲ್ಲೇ ಚಪ್ಪಡಿ ಜಗಲಿಯ ಹಳೆಯ ಮನೆಗಳು ಒಂದೊಂದಾಗಿ ಉರುಳುತ್ತಿವೆ. ನಾಳೆ ನಿಮ್ಮ ಮನೆಯ ಮೆಟ್ಟಿಲು ಸವೆದಾಗ ಟೈಲ್ಸ್ ಅಂಗಡಿಗೆ ಓಡುವ ಮುಂಚೆ ಒಬ್ಬ ಕಲ್ಲುಕುಟಿಗನನ್ನು ಕರೆಸಿ, ಕೇಳಿದ ಕೂಲಿ ಕೊಟ್ಟು, ಅವನು ಕೆಲಸ ಮಾಡುವಾಗ ಪಕ್ಕದಲ್ಲಿ ಕೂತು ಕಲಿಯಿರಿ.